ಆಷಾಢದಲ್ಲಿ ಬಂದ ಮಿಷನ್ನು

ಸರ್ಕಾರ ನನ್ನ ತಂಗಿಗೆ ಮಿಷನ್ನು ಹಾಕಿಕೊಳ್ಳಲು ಬ್ಯಾಂಕಿನಿಂದ ಸಾಲ ಕೊಡಿಸಿತು. ಆ ಸಾಲದಲ್ಲಿ ಒಂದು ಪಾಲನ್ನು ತಾನೇ ತೀರಿಸುತ್ತೇನೆ ಎಂದೂ ಹೇಳಿತು. ಸಬ್ಸಿಡಿ ಎಂದರೆ ಅದೇ. ಬದಲಿಗೆ ಅದು ಕೇಳಿದ್ದು ಹೆಚ್ಚೇನಲ್ಲ: ತನ್ನ ಅಧಿಕಾರಿಗಳು ಬಂದು ನೋಡಿದ ದಿನ ಮಿಷನ್ನು ಓಡುತ್ತಿರಬೇಕು. ಅವರು ಬಂದರು, ನೋಡಿದರು, ಮಿಷನ್ನು ಓಡಲಿಲ್ಲ. ಯಾಕೆ ಓಡಲಿಲ್ಲ ಎಂದು ಆಗ ನಮ್ಮೂರಿನಲ್ಲಿ ಕೇಳಿದರೆ ಫಿಟ್ಟರ್ ಮೋಸ ಮಾಡಿದ ಎನ್ನುತ್ತಿದ್ದರು, ಇಲ್ಲವೇ ಕಣ್ಣು ಬಿತ್ತು ಎನ್ನುತ್ತಿದ್ದರು. ಎರಡೂ ಅಲ್ಲ. ಓಡದಂತೆ ಮಾಡಿದವಳು ನಾನು, ಅವಳ ಸ್ವಂತ ಅಕ್ಕ.

ಅವಳು ನನಗೆ ತಂಗಿಯೂ ಹೌದು, ವಾರಗಿತ್ತಿಯೂ ಹೌದು. ನಾನು ಮಾಗಡಿ ಕಡೆಯಿಂದ ಚನ್ನಪಟ್ಟಣ ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬಂದವಳು. ಆಮೇಲೆ ಮೈದುನನಿಗೆ ಹೆಣ್ಣು ಹುಡುಕುವಾಗ, "ಊರೂರು ಯಾಕೆ ತಿರುಗ್ತೀರಿ, ನಮ್ಮವ್ವನ ಮನೇಲೇ ಒಬ್ಳು ಅವ್ಳಲ್ಲ" ಎಂದು ಹೇಳಿ ಅವಳನ್ನೂ ಇಲ್ಲಿಗೇ ತಂದೆ. ಒಂದೇ ಅಂಗಳ, ಎರಡು ಒಲೆ. ಅತ್ತೆ ತೀರಿಕೊಂಡ ಮೇಲೆ ಯಾವ ವಾರ ಏನು ತರಬಾರದು, ಯಾವ ದಿನ ಯಾವ ದಿಕ್ಕಿಗೆ ಹೋಗಬಾರದು ಎನ್ನುವ ಇಲಾಖೆ ನನ್ನ ಕೈಗೆ ಬಂತು. ನಾನು ಓದಿದ್ದು ಐದನೇ ಕ್ಲಾಸು. ಅವಳು ಹತ್ತನೇ ಕ್ಲಾಸು ಪಾಸು. ನನ್ನ ಇಲಾಖೆಗೆ ಐದನೇ ಕ್ಲಾಸು ಧಾರಾಳವಾಯಿತು.

ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ, ರಾಗಿ ಹುರಿಹಿಟ್ಟು. ರಾಗಿಗೆ ನೀರು ಹದವಾಗಿ ಹಾಕಿ ಮುಚ್ಚಿಟ್ಟು, ಕಾದ ಮರಳಿನಲ್ಲಿ ಹುರಿದರೆ ಅದು ಮಲ್ಲಿಗೆ ಮೊಗ್ಗಿನ ಹಾಗೆ ಅರಳುತ್ತದೆ. ಅದನ್ನು ಜರಡಿ ಹಿಡಿದು ಬೀಸಿದರೆ ಹುರಿಹಿಟ್ಟು. ಮಜ್ಜಿಗೆಗೆ ಕಲಸಿಕೊಂಡು ಕುಡಿದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ. ಬಾಣಂತಿ ಇರುವ ಮನೆಯವರು, ಸಕ್ಕರೆ ಕಾಯಿಲೆಯವರು ಬಂದು ಮಾಡಿಸಿಕೊಂಡು ಹೋಗುತ್ತಿದ್ದರು. ತಂಗಿಗೆ ಇದನ್ನು ಕಲಿಸಿದವಳೂ ನಾನೇ. ಕಲಿಯುವಾಗ ಅವಳು ಸೀಯಿಸಿ ಹಾಕಿದ ರಾಗಿಯನ್ನು ಹಸುವಿಗೆ ಹಾಕಿದರೆ ಹಸು ಮುಖ ತಿರುಗಿಸಿತ್ತು.

ಮಹಿಳಾ ಸಂಘದ ಕಡೆಯಿಂದ ಅವಳು ರಾಮನಗರಕ್ಕೆ ಟ್ರೇನಿಂಗಿಗೆ ಹೋದಳು. ಸಣ್ಣ ಉದ್ಯಮ ಮಾಡುವುದು ಹೇಗೆ ಎಂದು ಅಲ್ಲಿ ಹೇಳಿಕೊಟ್ಟರಂತೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಬೆಳಗಿನ ಬಸ್ಸು ಹಿಡಿಯುವಳು, ಸಂಜೆ ಒಂದು ಹೊಸ ಮಾತು ಕಲಿತುಕೊಂಡು ಬರುವಳು. ಮೊದಲು ಯೂನಿಟ್ಟು ಬಂತು. ಆಮೇಲೆ ಮಾರ್ಜಿನ್ನು, ಪ್ಯಾಕಿಂಗು. ನನ್ನ ಹುರಿಹಿಟ್ಟು ಪ್ರಾಡಕ್ಟ್ ಆಯಿತು. ಊಟಕ್ಕೆ ಕುಳಿತಾಗ ಮೈದುನ ಕೀಟಲೆ ಮಾಡುವನು: "ಒಸಿ ಆ ಸಾರು ಅನ್ನೋ ಪ್ರಾಡಕ್ಟ್ ಬಡಿಸ್ತೀಯೇನಮ್ಮಿ?"

ಸೈಬರ್ ಅಂಗಡಿಯವನು ಟೈಪು ಮಾಡಿಕೊಟ್ಟ ಯೋಜನಾ ವರದಿಯನ್ನು ಅವಳು ಒಂದು ದಿನ ಜಗಲಿಯ ಮೇಲೆ ಕುಳಿತು ನಮಗೆಲ್ಲ ಓದಿ ಹೇಳಿದಳು. ಹಿಟ್ಟಿನ ಬಗ್ಗೆ, ಆರೋಗ್ಯದ ಬಗ್ಗೆ ಚೆನ್ನಾಗಿ ಬರೆದಿದ್ದ. ಮಾಲೀಕರ ಹೆಸರಿನ ಜಾಗದಲ್ಲಿ ಅವಳ ಹೆಸರಿತ್ತು. ಕೆಳಗೆ, ಅಕುಶಲ ಕೆಲಸಗಾರರು ಎನ್ನುವ ಕಡೆ, ಒಬ್ಬರು ಎಂದಿತ್ತು.

"ಅದು ಯಾರಮ್ಮಿ?" ಎಂದೆ.

"ನೀನೇ ಕಣಕ್ಕ. ನಿನ್ನೂ ಸರ್ಕಾರಿ ಕಾಗ್ದಕ್ಕೆ ಸೇರಿಸ್ಬುಟ್ಟಿವ್ನಿ" ಎಂದು ನಕ್ಕಳು.

"ಅಕುಶಲ ಅಂದ್ರೆ?"

ಅವಳು ಹಾಳೆ ತಿರುಗಿಸುತ್ತ, "ಅದು ಅಂಗೇ ಬರೀಬೇಕಂತೆ. ಎಲ್ರುದ್ರಲ್ಲೂ ಅಂಗೇ ಬರೀತಾರಂತೆ" ಎಂದಳು.

ಮೈದುನ, "ಕೆಲ್ಸ ಬರ್ದಿರೋರು ಅಂತ ಅತ್ಗೆ" ಎಂದು ಹೇಳಿ ಜೋರಾಗಿ ನಕ್ಕ. ನಾನೂ ನಕ್ಕೆ. ಎಲ್ಲರಿಗಿಂತ ಹೆಚ್ಚು ಹೊತ್ತು ನಾನೇ ನಕ್ಕೆ.

ಹಳೆಯ ರೇಷ್ಮೆ ಹುಳುವಿನ ಮನೆಗೆ ಸುಣ್ಣ ಬಳಿಸಿ ನೆಲ ಗಟ್ಟಿ ಮಾಡಿಸಿದರು. ಸಾಲ ಮಂಜೂರಾಗಲು ತಡವಾಯಿತು, ಆಮೇಲೆ ಮಿಷನ್ನು ಕಳಿಸುವವರು ತಡ ಮಾಡಿದರು. ಹುರಿಯುವ ಡ್ರಮ್ಮು, ಬೀಸುವ ಮಿಷನ್ನು, ಮೋಟರು ಎಲ್ಲ ಲಗೇಜ್ ಆಟೋದಲ್ಲಿ ಬಂದು ಇಳಿಯುವ ಹೊತ್ತಿಗೆ ಆಷಾಢ ಶುರುವಾಗಿತ್ತು. ರಾಮನಗರದಿಂದ ಬಂದ ಫಿಟ್ಟರ್ ಎಲ್ಲ ಜೋಡಿಸಿದ. ಗೋಡೆಗೆ ಬೋರ್ಡು ಕೂರಿಸಿ, ಬಿಳಿ ಪಿಂಗಾಣಿಯ ಫೀಜನ್ನು ಕಿತ್ತು ಮತ್ತೆ ಹಾಕಿ, "ಇದನ್ನ ಕಿತ್ರೆ ಮೋಟರ್ ಸತ್ತಂಗೆ. ಮಕ್ಕಳು ಮರಿ ಓಡಾಡೋ ಜಾಗ, ಹುಷಾರಾಗಿರಿ" ಎಂದು ತೋರಿಸಿ ಹೋದ. ಪಾಠ ತಂಗಿಗೆ. ಕಲಿತವಳು ನಾನು.

ಸಂಜೆ ಅವಳು ಕೈ ತೊಳೆದುಕೊಂಡು ಬಂದು, "ಅಕ್ಕ, ನಾಳೆ ಒಂದು ಕಾಯಿ ಒಡೆದು ಶುರು ಮಾಡ್ಕೊಂಬುಡಾನಾ?" ಎಂದಳು.

"ಆಷಾಡದಲ್ಲಾ?" ಎಂದೆ ನಾನು.

"ಇದು ಸರ್ಕಾರದ್ದು ಕಣಕ್ಕ. ಅವ್ರು ಯಾವತ್ತು ನೋಡಕ್ಕೆ ಬತ್ತಾರೋ ಏನೋ. ಅವ್ರಿಗೆ ಆಷಾಡ ಗೀಷಾಡ ಇಲ್ಲ."

"ಸರ್ಕಾರ ಇವತ್ತು ಇರ್ತದೆ, ನಾಳೆ ಬದಲಾಯ್ತದೆ. ಮನೆ ನಮ್ದು. ಭೀಮನಮಾಸೆ ಕಳೀಲಿ, ಶ್ರಾವಣ ಬರ್ಲಿ. ಅಲ್ಲೀಗಂಟ ಒಬ್ರೂ ಅದನ್ನ ಮುಟ್ಕೂಡ್ದು."

ನಮ್ಮ ಕಡೆ ಆಷಾಢದಲ್ಲಿ ಹೊಸದು ಶುರು ಮಾಡುವುದಿಲ್ಲ, ಅದು ನಿಜ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಆದರೆ ಹಿಂದಿನ ವರ್ಷದ ಆಷಾಢದಲ್ಲೇ ನಾನೊಂದು ಹಸು ಕೊಂಡಿದ್ದೆ. ಆಷಾಢವೆಂದು ಯಾರೂ ಕೊಳ್ಳಲು ಬರದೆ ಬೆಲೆ ಇಳಿದಿತ್ತು, ಅದಕ್ಕೇ ಕೊಂಡೆ. ಮಾರನೆಯ ದಿನದಿಂದಲೇ ಡೇರಿಗೆ ಹಾಲು ಹಾಕಿದೆ. ಹಸು ಚೆನ್ನಾಗಿಯೇ ಹಾಲು ಕೊಟ್ಟಿತು. ಇದನ್ನು ಮನೆಯಲ್ಲಿ ಯಾರೂ ನೆನಪು ಮಾಡಲಿಲ್ಲ. ಇಲಾಖೆಯ ಮುಖ್ಯಸ್ಥರ ಹಸುವಿನ ಬಗ್ಗೆ ಯಾರು ಮಾತಾಡುತ್ತಾರೆ?

ತಂಗಿ ಎದುರಾಡಲಿಲ್ಲ. ಮಿಷನ್ನಿಗೆ ಅರಿಶಿನದ ಬಟ್ಟೆ ಹೊದಿಸಿದೆವು, ನಿಂಬೆಹಣ್ಣು ಕಟ್ಟಿದೆವು. ಆದರೆ ಅವಳಿಗೆ ಮನಸ್ಸು ತಡೆಯದು. ನೀರು ತರಲು ಹೋದವಳು ಹುಳುವಿನ ಮನೆಯ ಬಾಗಿಲಲ್ಲಿ ಬಿಂದಿಗೆ ಇಳಿಸಿ ಅದನ್ನೇ ನೋಡುತ್ತ ನಿಲ್ಲುವಳು. ಬಟ್ಟೆ ಎತ್ತಿ ಡ್ರಮ್ಮನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಮತ್ತೆ ಮುಚ್ಚುವಳು. ಇವಳು ಒಂದು ದಿನ ಸುಮ್ಮನೆ ಒತ್ತಿಬಿಡುತ್ತಾಳೆ ಎನಿಸಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಫೀಜನ್ನು ಕಿತ್ತು ಎಲೆಅಡಿಕೆ ಸಂಚಿಯಲ್ಲಿ ಹಾಕಿಕೊಂಡೆ. ಕೀಳುವಾಗ ನನಗೆ ನಾನೇ ಹೇಳಿಕೊಂಡ ಮಾತು, ಮನೆಗೆ ಕೇಡಾಗಬಾರದು ಎಂದು. ಅಷ್ಟು ಹೇಳಿಕೊಳ್ಳಬೇಕಾಯಿತು ಎನ್ನುವುದರಲ್ಲೇ ವಿಷಯ ಗೊತ್ತಾಗುತ್ತದೆ.

ಆ ಸಾಹೇಬರು ಬಂದದ್ದು ಆಷಾಢದ ಒಂದು ಶುಕ್ರವಾರ. ಚಿಕ್ಕ ವಯಸ್ಸಿನವರು, ಹೆಲ್ಮೆಟ್ಟಿನೊಳಗೆ ಮುಖವೆಲ್ಲ ಬೆವರು. ಹೊಂಗನೂರಿನಲ್ಲಿ ಒಂದು ಕಡೆ ನೋಡಿಕೊಂಡು ಬಂದಿದ್ದರು, ಇನ್ನು ವಿರೂಪಾಕ್ಷಿಪುರಕ್ಕೆ ಹೋಗಬೇಕಿತ್ತು. ಹುಳುವಿನ ಮನೆಯೊಳಗೆ ಕಾಲಿಟ್ಟು, ಅರಿಶಿನದ ಬಟ್ಟೆ ಹೊದ್ದು ನಿಂಬೆಹಣ್ಣು ಕಟ್ಟಿಕೊಂಡು ಕೂತಿದ್ದ ಮಿಷನ್ನನ್ನು ನೋಡಿದರು.

"ಏನಮ್ಮ, ಓಡಿಸ್ತಾ ಇಲ್ವಾ?"

ತಂಗಿ ಬಾಯಿ ತೆರೆಯುವ ಮೊದಲು ನಾನು ಹೇಳಿದೆ: "ಇಲ್ಲ ಸಾರ್. ಆಷಾಡ. ಇನ್ನೂ ಶುರು ಮಾಡಿಲ್ಲ." ಸಾಹೇಬರಿಗೆ ಉತ್ತರ ಕೊಟ್ಟೆ ಎಂದು ನನಗೆ ಒಂದು ಹೆಮ್ಮೆ ಬೇರೆ.

ಅವರು ಬೈಯಲಿಲ್ಲ. "ನಮ್ಮ ತಾಯೀನೂ ಹಿಂಗೇ. ಹೊಸ ಬೈಕು ಶೋರೂಮಲ್ಲೇ ಒಂದು ತಿಂಗಳು ನಿಲ್ಲಿಸಿದ್ರು" ಎಂದರು. ಆಮೇಲೆ ಮೊಬೈಲು ತೋರಿಸಿದರು. "ಆದ್ರೆ ಇದ್ರಲ್ಲಿ ಎರಡೇ ಇರೋದಮ್ಮ. ಚಾಲನೆಯಲ್ಲಿದೆ, ಚಾಲನೆಯಲ್ಲಿಲ್ಲ. ಆಷಾಢ ಅನ್ನೋದಕ್ಕೆ ಇದ್ರಲ್ಲಿ ಜಾಗ ಕೊಟ್ಟಿಲ್ಲ."

"ಐದು ನಿಮಿಷ ಇರಿ ಸಾರ್, ಈಗ್ಲೇ ಓಡಿಸ್ತೀನಿ" ಎಂದು ತಂಗಿ ಬಟ್ಟೆ ಎಳೆದುಹಾಕಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಸ್ವಿಚ್ಚು ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಮೈದುನ ಬೋರ್ಡು ನೋಡಿ ಕೂಗಿದ: "ಲೇ, ಫೀಜೇ ಇಲ್ವಲ್ಲೇ!"

ಆಗ ಶುರುವಾಯಿತು ಹುಡುಕಾಟ. ಅವಳು ಕಿಟಕಿಯಲ್ಲಿ, ಹುಳುವಿನ ತಟ್ಟೆಗಳ ಸಂದಿಯಲ್ಲಿ ಕೈ ಹಾಕಿದಳು. ಮೈದುನ ಚೀಲಗಳನ್ನು ಕೊಡವಿದ. ಪಕ್ಕದ ಮನೆಯವರು ತಮ್ಮ ಮನೆಯ ಫೀಜನ್ನೇ ಕಿತ್ತು ತಂದರು, ಅದು ಸಣ್ಣದು, ಕೂರಲಿಲ್ಲ. ಮೈದುನ, "ತಂತಿ ಸುತ್ತಿ ಡೈರೆಕ್ಟ್ ಕೊಟ್ಬುಡ್ತೀನಿ ಸಾರ್" ಎಂದ. ಸಾಹೇಬರು ಗಾಬರಿಯಾಗಿ, "ಬೇಡಪ್ಪ ಬೇಡ, ನಾನಿರುವಾಗ ಅದೊಂದು ಮಾಡ್ಬೇಡ" ಎಂದರು. ತಂಗಿ ಫಿಟ್ಟರಿಗೆ ಫೋನು ಮಾಡಿದಳು. ಅವನು ಹಾಕಿ ತೋರಿಸಿಯೇ ಬಂದಿದ್ದೇನೆ ಎಂದು ಆಣೆ ಇಟ್ಟ. ದಿನಾ ಹೋಗುವ ಕರೆಂಟು ಅವತ್ತು ಹೋಗಲೂ ಇಲ್ಲ. ಅದಾದರೂ ಹೋಗಿದ್ದರೆ ಎಲ್ಲರೂ ಅದನ್ನೇ ಬೈದುಕೊಂಡು ಸುಮ್ಮನಾಗಬಹುದಿತ್ತು.

ನಾನೂ ಹುಡುಕಿದೆ. ಸಂಚಿ ಸೊಂಟದಲ್ಲಿತ್ತು, ಬಗ್ಗಿದಾಗಲೆಲ್ಲ ಪಿಂಗಾಣಿ ಪಕ್ಕೆಗೆ ಒತ್ತುತ್ತಿತ್ತು. ಈಗ ತೆಗೆದು ಕೊಡೋಣ ಎಂದುಕೊಂಡೆ. ಕೊಟ್ಟರೆ ಸಾಹೇಬರ ಎದುರು, ಪಕ್ಕದ ಮನೆಯವರ ಎದುರು, ಇದು ನಿನ್ನ ಹತ್ತಿರ ಹೇಗೆ ಬಂತು ಎಂಬುದಕ್ಕೆ ಉತ್ತರ ಹೇಳಬೇಕಿತ್ತು. ಮಕ್ಕಳು ಮುಟ್ಟುತ್ತಾರೆ ಅಂತ ಎತ್ತಿಟ್ಟಿದ್ದೆ ಎಂದರೆ ಮುಗಿಯುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ. ಅಷ್ಟು ಸುಲಭದ ಸುಳ್ಳು ಆಗ ನನಗೆ ಹೊಳೆಯಲಿಲ್ಲ ಎಂದು ಬಹಳ ದಿನ ಅಂದುಕೊಂಡಿದ್ದೆ. ಹೊಳೆದಿತ್ತು. ಅವಳು ಬೆವರು ಒರೆಸಿಕೊಳ್ಳುತ್ತ ಅಂಗಳಕ್ಕೂ ಹುಳುವಿನ ಮನೆಗೂ ಓಡಾಡುವುದನ್ನು ನೋಡುತ್ತಿದ್ದರೆ, ಇನ್ನೂ ಸ್ವಲ್ಪ ಹೊತ್ತು ಓಡಾಡಲಿ ಎನಿಸಿತು.

ಕಾಯುತ್ತ ಕುಳಿತಿದ್ದ ಸಾಹೇಬರಿಗೆ ನಾನು ಹುರಿಹಿಟ್ಟನ್ನು ಮಜ್ಜಿಗೆಗೆ ಕಲಸಿ ಕೊಟ್ಟೆ. ಲೋಟ ಖಾಲಿ ಮಾಡಿ, "ಇದು ಯಾರು ಮಾಡಿದ್ದು?" ಎಂದು ಕೇಳಿದರು.

"ನಾನೇ ಸಾರ್."

"ಬಹಳ ಚೆನ್ನಾಗಿದೆಯಮ್ಮ" ಎಂದರು. ಆ ಹೊತ್ತಿನಲ್ಲಿ ನನಗೆ ಸಂತೋಷವಾಯಿತು. ಅದನ್ನು ಬಿಟ್ಟು ಬರೆದರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ.

ಅವರು ಇನ್ನಷ್ಟು ಹೊತ್ತು ಕಾದರು. ಕೊನೆಗೆ ಎದ್ದು, ಬಟ್ಟೆ ಕಳಚಿದ ಮಿಷನ್ನಿನ ಫೋಟೋ ತೆಗೆದುಕೊಂಡು, "ನಾನು ಇದ್ದದ್ದು ಇದ್ದ ಹಾಗೆ ಹಾಕ್ಬೇಕಮ್ಮ. ಇನ್ನೊಂದ್ಸಲ ಬರ್ತಾರೆ. ಆದ್ರೆ ಯಾವಾಗ ಅಂತ ನನ್ನ ಕೈಲಿಲ್ಲ" ಎಂದು ತಂಗಿಗೆ ಹೇಳಿ ಬೈಕು ಹತ್ತಿದರು. ಅವಳು ಬಾಗಿಲಲ್ಲೇ ನಿಂತಿದ್ದಳು. ಬಟ್ಟೆಯನ್ನು ಮಡಿಚಿ ಮತ್ತೆ ಮಿಷನ್ನಿಗೆ ಹೊದಿಸಿದಳು.

ಫೀಜು ಎರಡು ದಿನದ ಮೇಲೆ ಹಳೆಯ ತಟ್ಟೆಗಳ ಹಿಂದೆ ಸಿಕ್ಕಿತು. ಸಿಗುವಂತೆ ಇಟ್ಟವಳು ನಾನು, ಕಂಡು ಕೂಗಿದವನು ಮೈದುನ. ಫಿಟ್ಟರೇ ಬೇಕೆಂದು ಅಲ್ಲಿ ಎಸೆದಿದ್ದಾನೆ, ಇನ್ನೊಂದು ಸಲ ಬಂದು ದುಡ್ಡು ಕೀಳುವ ಉಪಾಯ ಎಂದು ತೀರ್ಮಾನವಾಯಿತು. ಸಂಘದ ಹೆಂಗಸರೆಲ್ಲ ಅವನನ್ನು ಕರೆಯುವುದು ಬಿಟ್ಟರು. ಇಡೀ ಕಥೆಯಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದ್ದವನು ಅವನೊಬ್ಬನೇ.

ಸಬ್ಸಿಡಿ ನಿಂತುಹೋಯಿತು, ಕಂತು ಶುರುವಾಯಿತು. ಬ್ಯಾಂಕಿನವರು ಆಷಾಢ ಆಚರಿಸುವುದಿಲ್ಲ. ಶ್ರಾವಣದ ಮೊದಲ ವಾರದಲ್ಲೇ ಪೂಜೆ ಮಾಡಿ ತಂಗಿ ಸ್ವಿಚ್ಚು ಒತ್ತಿದಳು. ಡ್ರಮ್ಮು ತಿರುಗಿತು, ರಾಗಿ ಅರಳಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅಂಗಡಿಯವರು ಹಿಟ್ಟು ಕೊಳ್ಳತೊಡಗಿ ದುಡ್ಡು ತಿರುಗುವವರೆಗೆ ಕಂತು ಕಾಯುವುದಿಲ್ಲವಲ್ಲ. ಮುಂದಿನ ಸೋಮವಾರದಿಂದ ಅವಳು ಗಾರ್ಮೆಂಟ್ಸಿಗೆ ಸೇರಿದಳು. ಬೆಳಗ್ಗೆ ಊರ ಬಾಗಿಲಿಗೆ ಅವರ ಬಸ್ಸು ಬರುತ್ತದೆ, ಸಂಜೆ ಅಲ್ಲೇ ಇಳಿಸುತ್ತದೆ. ಅಲ್ಲಿ ಅವಳು ಬೇರೆ ಯಾರೋ ಉಡುವ ಅಂಗಿಗೆ ಕಾಲರು ಹೊಲಿದು, ಇಲ್ಲಿದ್ದ ತನ್ನ ಮಿಷನ್ನಿನ ಕಂತು ಕಟ್ಟುತ್ತಿದ್ದಳು.

"ನೀನು ಒಸಿ ನೋಡ್ಕೊತಿರಕ್ಕ" ಎಂದು ಮಿಷನ್ನನ್ನು ನನಗೆ ಬಿಟ್ಟು ಹೋದಳು.

ನಾನು ನೋಡಿಕೊಂಡೆ. ಎಷ್ಟು ಚೆನ್ನಾಗಿ ನೋಡಿಕೊಂಡೆ ಎಂದರೆ ವರ್ಷ ತಿರುಗುವುದರೊಳಗೆ ಕನಕಪುರದ ಅಂಗಡಿಯವರೂ ಹಿಟ್ಟು ಕೇಳುವಂತಾಯಿತು. ಡ್ರಮ್ಮಿನ ಸದ್ದಿನಲ್ಲೇ ರಾಗಿಯ ಹದ ಗೊತ್ತಾಗುತ್ತಿತ್ತು. ಆ ಮಿಷನ್ನು ನನಗೆ ಇಷ್ಟವಾಯಿತು. ಆಷಾಢ ಮತ್ತೆ ಬಂತು, ಹೊಸ ಜರಡಿ ತಂದು ಅವತ್ತೇ ಹಾಕಿದೆ. ಯಾರೂ ಕೇಳಲಿಲ್ಲ.

ಚನ್ನಪಟ್ಟಣದಲ್ಲಿ ಸಂಘಗಳ ಸಭೆ ನಡೆದಾಗ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಕಡಿಮೆ ಓದಿದ್ದರೂ ಹೊಸ ಯಂತ್ರಕ್ಕೆ ಹೆದರದ ಮಹಿಳೆ ಎಂದು ಮೈಕಿನಲ್ಲಿ ಹೇಳಿದರು. ತಂಗಿಗೆ ರಜೆ ಸಿಗಲಿಲ್ಲ. ಸಂಜೆ ಶಾಲು ತೋರಿಸಿದೆ. ಅವಳು ಅಂಚನ್ನು ತಿರುವಿ ಹೊಲಿಗೆ ನೋಡಿ, "ಇದು ಎರಡು ಒಗೆತಕ್ಕೆ ಬಿಚ್ಕೊತದೆ ಕಣಕ್ಕ. ತಾ, ಇನ್ನೊಂದು ಹೊಲಿಗೆ ಹಾಕಿಕೊಡ್ತೀನಿ" ಎಂದಳು. ಹಾಕಿಯೂ ಕೊಟ್ಟಳು.

ಎರಡನೆಯ ಸಲ ಬೇರೆ ಸಾಹೇಬರು ಬಂದರು. ಮಿಷನ್ನು ಓಡುತ್ತಿತ್ತು. ಮೊಬೈಲಿನಲ್ಲಿ ಹಾಗೆಂದು ಒತ್ತಿದರು, ಕೆಲವು ತಿಂಗಳ ಮೇಲೆ ಸಬ್ಸಿಡಿ ಬ್ಯಾಂಕಿಗೆ ಬಂತು, ಕಂತು ಇಳಿಯಿತು. ತಂಗಿಯ ಮುಖದಲ್ಲಿ ಆ ಟ್ರೇನಿಂಗಿನ ದಿನಗಳ ಕಳೆ ಮತ್ತೆ ಕಂಡಿತು. ಈ ತಿಂಗಳು ಮುಗಿದರೆ ಕೆಲಸ ಬಿಡುತ್ತೇನೆ ಎಂದು ಫ್ಯಾಕ್ಟರಿಯಲ್ಲಿ ಹೇಳಿಬಂದಳು. "ಇನ್ನೇನಕ್ಕ, ನಾನೂ ನೀನೂ ಇಬ್ರೂ ಕುಂತ್ರೆ ಶಾವಿಗೆ ಮಿಷನ್ನೂ ಹಾಕ್ಬೋದು" ಎಂದಳು.

ಆಗ ನಾನು ಇನ್ನೊಂದು ಕೆಲಸ ಮಾಡಿದೆ. ಒಂದು ಭಾನುವಾರ ಹುಳುವಿನ ಮನೆಯಲ್ಲಿ ಇಬ್ಬರೂ ಜರಡಿ ಹಿಡಿಯುತ್ತಿದ್ದೆವು. ಅವಳು ಕೆಲಸ ಬಿಟ್ಟು ಬಂದು ದಿನಾ ಪಕ್ಕದಲ್ಲಿ ಕೂರುವ ಮೊದಲು ಮನಸ್ಸು ಹಗುರ ಮಾಡಿಕೊಳ್ಳೋಣ ಎನಿಸಿತು. ಹಗುರವಾಗಬೇಕಾಗಿದ್ದದ್ದು ನನ್ನ ಮನಸ್ಸು, ಅವಳದಲ್ಲ. ಅದು ಆಗ ತೋರಲಿಲ್ಲ. ಎಲ್ಲ ಹೇಳಿಬಿಟ್ಟೆ, ಸಂಚಿಯ ವಿಷಯವನ್ನೂ.

ಅವಳು ಜರಡಿ ನಿಲ್ಲಿಸಲಿಲ್ಲ. ಮೊರದಲ್ಲಿದ್ದದ್ದು ಮುಗಿದ ಮೇಲೆ ಕೇಳಿದಳು: "ಅವತ್ತು ಫೀಜು ಹುಡುಕ್ತೀನಿ ಅಂತ ಅಟ್ಟ ಹತ್ತಿದ್ದಲ್ಲಕ್ಕ ನೀನು?"

"ಹೂಂ."

"ಧೂಳು ಕಣ್ಣಿಗೆ ಬಿತ್ತು ಅಂದೆ. ನಾನು ಸೆರಗು ಬಾಯಿಗಿಟ್ಟು ಬಿಸಿ ಮಾಡಿ ಒತ್ತಿದೆ. ಸಾಹೇಬ್ರು ಹೊತ್ತಾಯ್ತು ಅಂತಿದ್ರು. ನಾನು ಅವ್ರನ್ನ ಬುಟ್ಟು ನಿನ್ನ ಕಣ್ಣು ಒತ್ತುತಾ ನಿಂತಿದ್ದೆ."

ಅದು ನನಗೆ ಮರೆತೇ ಹೋಗಿತ್ತು.

"ಆಷಾಡ ಅಂದಿದ್ದೂ ಸುಳ್ಳೇನಕ್ಕ?"

ಇಲ್ಲ ಎನ್ನಲು ಬಾಯಿ ತೆರೆದೆ. ಹಸುವಿನ ಕೂಗು ಕೊಟ್ಟಿಗೆಯಿಂದ ಕೇಳಿಸಿತು. ಜರಡಿಯನ್ನು ಮತ್ತೆ ಕೈಗೆತ್ತಿಕೊಂಡೆ.

ಅವಳು ಕೈ ಒರೆಸಿಕೊಂಡು ನನ್ನ ಎದುರೇ ಫಿಟ್ಟರಿಗೆ ಫೋನು ಮಾಡಿದಳು. "ಅಣ್ಣ, ತಪ್ಪಾಗೋಯ್ತು. ಫೀಜು ನಮ್ಮ ಮನೆಯೋರೇ ಎತ್ತಿ ಮಡಗಿದ್ರು. ನಿಮ್ಮುನ್ನ ಸುಮ್ ಸುಮ್ನೆ ಅಂದ್ಬುಟ್ಟೋ. ಸಂಘದೋರಿಗೂ ನಾನೇ ಯೋಳ್ತೀನಿ" ಎಂದಳು. ಯಾರು ಎಂದು ಅವನು ಕೇಳಿರಬೇಕು. "ಮನೆಯೋರು ಅಂದ್ನಲ್ಲಣ್ಣ" ಎಂದು ಇಟ್ಟಳು.

ಆ ತಿಂಗಳು ಮುಗಿಯಿತು. ಅವಳು ಕೆಲಸ ಬಿಡಲಿಲ್ಲ. ಬೆಳಗ್ಗೆ ಎಂದಿನಂತೆ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೊರಟಳು. ಯಾಕಮ್ಮಿ ಎಂದು ಕೇಳಿದ್ದಕ್ಕೆ, "ಅಲ್ಲಿ ನಂಗೆ ಲೈನು ನೋಡ್ಕೊಳೋ ಸೂಪರ್ವೈಸರ್ ಕೆಲ್ಸ ಕೊಡ್ತಾರಂತೆ. ಮಿಷನ್ನು ನಿನ್ನ ಕೈಗೆ ಒಗ್ಗೈತೆ, ನೀನೇ ಓಡ್ಸು" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ, ಇಬ್ಬರೂ ಅತ್ತು ಮುಗಿಸುತ್ತಿದ್ದೆವು. ಮೊದಲ ಸಲ ಬಾಯಿ ಮುಚ್ಚಿಕೊಂಡು ಅವಳ ಮಿಷನ್ನು ನಿಲ್ಲಿಸಿದ್ದೆ. ಈ ಸಲ ಬಾಯಿ ಬಿಟ್ಟು ಅವಳನ್ನೇ ಅದರಿಂದ ದೂರ ಮಾಡಿದೆ. ನಾನು ಬೇಡವೆಂದು ತಡೆದ ಮಿಷನ್ನು ಈಗ ದಿನವೆಲ್ಲ ನನ್ನದೇ.

ಮೊನ್ನೆ ರಾಮನಗರದಿಂದ ಮತ್ತೆ ಒಬ್ಬರು ಬಂದಿದ್ದರು. ಯೋಜನೆಯಿಂದ ಮುಂದೆ ಬಂದ ಹೆಂಗಸರ ಬಗ್ಗೆ ಪುಸ್ತಕ ಮಾಡುತ್ತಾರಂತೆ, ಅದಕ್ಕೆ ಫೋಟೋ ಬೇಕಾಗಿತ್ತು.

"ಮಾಲೀಕರು ಎಲ್ಲಮ್ಮ?"

"ಕೆಲ್ಸಕ್ಕೆ ಹೋಗವ್ಳೆ ಸಾರ್."

"ಇದೇ ಅವರ ಕೆಲಸ ಅಲ್ವಾ?"

"ಗಾರ್ಮೆಂಟ್ಸಿಗೆ ಹೋಗವ್ಳೆ. ಸಂಜೆ ಬತ್ತಾಳೆ. ಕೆಲ್ಸದ ಹೊತ್ತಲ್ಲಿ ಫೋನು ಮುಟ್ಟಕ್ಕೆ ಬುಡಲ್ಲ."

ಅವರು ಗಡಿಯಾರ ನೋಡಿಕೊಂಡರು. "ಪರವಾಗಿಲ್ಲ, ನೀವೇ ನಿಂತ್ಕೊಳ್ಳಿ" ಎಂದರು. ನಾನು ಸೆರಗು ಸರಿಮಾಡಿಕೊಂಡು ಡ್ರಮ್ಮಿನ ಪಕ್ಕ ನಿಂತೆ.

ಸಂಜೆ ಅವಳು ಬಂದಾಗ ಹೇಳಿದೆ. ಬಚ್ಚಲ ಬಳಿ ಕಾಲು ತೊಳೆಯುತ್ತಿದ್ದವಳು, "ಪೋಟೋಲಿ ಯಾರು ನಿಂತ್ಕೊಂಡಿದ್ದು?" ಎಂದಳು.

"ನಾನೇ ಕಣಮ್ಮಿ."

"ಚೆನ್ನಾಗಿ ಬಂತಾ?"

"ಬಂತು ಅಂದ್ರು."

"ಸರಿ ಬುಡು" ಎಂದು ಅವಳು ತನ್ನ ಮನೆಯೊಳಗೆ ಹೋಗಿ ಒಲೆ ಹಚ್ಚಿದಳು.